ಎಡಗಿವಿಗೆ ಬಿದ್ದ ಮಾತು

ಸಿನಿಗಾಂಗ್ ಮಾಡಿದ ದಿನ ತೊಪಾಸಿಯೊ ಕುಟುಂಬದ ಮನೆಯಲ್ಲಿ ಜಗಳ ಕಡಿಮೆ. ಹುಣಸೆ ಹಾಕಿ ಕುದಿಸಿದ ಆ ಮೀನಿನ ಸಾರು ಬಿಸಿ ಇರುವಾಗಲೇ ಅನ್ನದ ಮೇಲೆ ಬೀಳಬೇಕು. ಜಗಳಕ್ಕೆ ಬಾಯಿ ಬಿಡುವಾಗುವುದಿಲ್ಲ. ಆದರೆ ಮಾರ್ಚ್ ತಿಂಗಳ ಆ ಭಾನುವಾರ ಸಾರು ಪಾತ್ರೆಯಲ್ಲೇ ಆರಿ ತಣ್ಣಗಾಯಿತು. ತೇಯಾ ಚಮಚ ಕೆಳಗಿಟ್ಟು, “ನಾನು ಮೂರನೇ ಸಲಾನೂ ಬರೀತೀನಿ,” ಎಂದದ್ದೇ ಅದಕ್ಕೆ ಕಾರಣ.

“ಕೈಲಿರೋ ಆರು ಏನಾಯ್ತು?” ಎಂದಳು ಅವಳ ತಾಯಿ ರೊವೇನಾ. ಆಸ್ಪತ್ರೆಯಲ್ಲಿ ನರ್ಸು, ಮಾತನ್ನೂ ಇಂಜೆಕ್ಷನ್ ಕೊಟ್ಟಂತೆ ನೇರ ಚುಚ್ಚಿ ಮುಗಿಸುವವಳು.

“ಆರು ಸಾಲ್ದು ಅಮ್ಮ. ಈ ಸಲ ಆರಿದ್ದೋರನ್ನ ತಗೊಳ್ಳಲಿಲ್ಲ.”

“ಮೂರನೇ ಸಲ ನಾಲ್ಕು ಬಂದ್ರೆ?”

“ನಾಲ್ಕೇ ಉಳಿಯುತ್ತೆ.”

“ಆರು?”

“ಹೋಗುತ್ತೆ.”

ಅಮೆರಿಕದ ಪೆನ್ಸಕೋಲದಂಥ ನೌಕಾಪಡೆಯ ಊರಿನಲ್ಲಿ ಇದನ್ನು ಯಾವ ಮನೆಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ವಿಮಾನ ನಡೆಸುವವರನ್ನು ಆರಿಸುವ ಪರೀಕ್ಷೆಯನ್ನು ಒಬ್ಬರು ಜನ್ಮದಲ್ಲಿ ಮೂರೇ ಸಲ ಬರೆಯಬಹುದು. ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಬಿಡುವ ಹಾಗಿಲ್ಲ, ಕೊನೆಯದೇ ನಿಲ್ಲುತ್ತದೆ. ಪೈಲಟ್ ಆಗುವವರ ಕಾಲಂನಲ್ಲಿ ಐದಕ್ಕಿಂತ ಕಡಿಮೆ ಬಂದರೆ ಅರ್ಜಿಯನ್ನೇ ಮುಟ್ಟುವುದಿಲ್ಲ. ತೇಯಾಳಿಗೆ ಮೊದಲ ಸಲ ಐದು, ಎರಡನೆಯ ಸಲ ಆರು. ಈಗ ಮೇ ತಿಂಗಳ ಕೊನೆಗೆ ದಿನ ಗೊತ್ತು ಮಾಡಿಕೊಂಡು ಬಂದಿದ್ದಳು. ಅದೇ ಮೇ ಕೊನೆಯೊಳಗೆ ನರ್ಸಿಂಗ್ ಕೋರ್ಸಿಗೆ ಸೇರುತ್ತೇನೆಂದು ಒಪ್ಪಿಗೆ ಕೊಡಬೇಕಿತ್ತು. ಆ ಸೀಟು ರೊವೇನಾ ನಾಲ್ಕಾರು ಕಡೆ ಓಡಾಡಿ ಮಗಳಿಗಾಗಿ ಹಿಡಿದಿಟ್ಟದ್ದು.

“ಒಂಬತ್ತಕ್ಕೆ ಆರು ಅಂದ್ರೆ ಚೆನ್ನಾಗೇ ಇದೆಯಲ್ಲೇ,” ಎಂದಳು ಅಜ್ಜಿ ಪೆರ್ಪೆತುವ, ಮೀನಿನ ತಲೆಯನ್ನು ಗಂಡನ ತಟ್ಟೆಗೆ ಹಾಕುತ್ತ.

“ಒಂಬತ್ತಕ್ಕೆ ಅಲ್ಲ ಲೋಲಾ,” ಎಂದಳು ತೇಯಾ. ಅಜ್ಜಿಯನ್ನು ಅವಳು ಕರೆಯುವುದು ಹಾಗೆ, ತಾತನನ್ನು ಲೋಲೊ ಎಂದು. “ಅದು ಮಾರ್ಕ್ಸ್ ಅಲ್ಲ, ಜಾಗ. ನೂರು ಜನ ಬರೆದ್ರು ಅನ್ಕೊ. ಎಲ್ಲಾರ್ನೂ ಸಾಲಾಗಿ ನಿಲ್ಲಿಸ್ತಾರೆ. ಮುಂದಿನ ನಾಲ್ಕು ಜನಕ್ಕೆ ಒಂಬತ್ತು. ಅವರ ಹಿಂದೆ ಏಳು ಜನಕ್ಕೆ ಎಂಟು, ಹನ್ನೆರಡು ಜನಕ್ಕೆ ಏಳು. ನಾನಿರೋ ಆರರ ಸಾಲಲ್ಲಿ ಹದಿನೇಳು ಜನ ಇದಾರೆ. ನನ್ನ ಮುಂದೆ ಇಪ್ಪತ್ಮೂರು.”

“ಹಂಗಾದ್ರೆ ನೀನು ಚೆನ್ನಾಗಿ ಬರೆದ್ರೆ ಸಾಲ್ದು, ಪಕ್ಕದೋನು ಕೆಟ್ಟದಾಗಿ ಬರೀಬೇಕು.”

“ಹೂಂ, ಹಂಗೇ.”

“ಚರ್ಚಲ್ಲಿ ಹಂಗೆ ಬೇಡ್ಕೊಳ್ಳೋಕಾಗಲ್ವಲ್ಲ,” ಎಂದು ಪೆರ್ಪೆತುವ ಚಿಂತೆಗೆ ಬಿದ್ದಳು.

ಮೇಜಿನ ತುದಿಯಲ್ಲಿ ಕೂತ ತಾತ ಕ್ರಿಸಾಂತೊ ಈ ಎಲ್ಲದರ ನಡುವೆ ಕಿಟಕಿಯಾಚೆ ನೋಡುತ್ತಿದ್ದ. ಕೊಲ್ಲಿಯ ಮೇಲೆ ಕಲಿಯುವವರ ವಿಮಾನವೊಂದು ತೂಕಡಿಸುವ ದುಂಬಿಯಂತೆ ಗುಂಯ್‌ಗುಟ್ಟುತ್ತ ಸುತ್ತುತ್ತಿತ್ತು. ಎಪ್ಪತ್ತೈದು ವರ್ಷದ ಕ್ರಿಸಾಂತೊಗೆ ಎಡಗಿವಿ ಕೇಳುವುದಿಲ್ಲ. ಹಡಗಿನ ಫಿರಂಗಿ ಸದ್ದಿಗೆ ಹೋದದ್ದು ಎಂದು ಮನೆಯವರೆಲ್ಲ ಬಲ್ಲರು. ಅದಕ್ಕೇ ಪೆರ್ಪೆತುವ ಮದುವೆಯಾದಾಗಿನಿಂದ ಅವನ ಬಲಗಡೆಯ ಕುರ್ಚಿಯಲ್ಲೇ ಕೂರುವುದು. ಹೇಳಬೇಕಾದ್ದನ್ನು ಬಲಕ್ಕೆ ಹೇಳುವಳು. ಎಡಗಡೆ ಇದ್ದಾಗ ತನ್ನಷ್ಟಕ್ಕೆ ತಾನು ಗೊಣಗುವಳು.

“ಅಪ್ಪ, ನೀನೇ ಹೇಳು ಇವಳಿಗೆ,” ಎಂದು ರೊವೇನಾ ಅವನ ಬಲಗಿವಿಯ ಕಡೆ ಬಾಗಿದಳು. “ಇಪ್ಪತ್ನಾಲ್ಕು ವರ್ಷ ಆ ಪೈಲಟ್‌ಗಳಿಗೆ ಅನ್ನ ಬಡಿಸಿದೋನು ನೀನು.”

“ಬಡಿಸಿದೆ,” ಎಂದ ಕ್ರಿಸಾಂತೊ. “ಬರೆಯೋದು ನಂಗೇನು ಗೊತ್ತು.”

ಇದು ಪೂರ್ತಿ ನಿಜವಲ್ಲ. ಅರವತ್ತೊಂಬತ್ತನೇ ಇಸವಿಯಲ್ಲಿ, ತನ್ನ ದೇಶದ ಕವಿಟೆಯಲ್ಲಿದ್ದ ಅಮೆರಿಕದ ನೌಕಾನೆಲೆ ಸಾಂಗ್ಲಿ ಪಾಯಿಂಟಿನಲ್ಲಿ ಇನ್ನೂರು ಹುಡುಗರ ಜೊತೆ ಅವನೂ ಕೂತು ಬರೆದಿದ್ದ. ಆರಿಸಿದ್ದು ಒಂಬತ್ತು ಜನರನ್ನು. ಅವರಲ್ಲಿ ಇವನ ಹೆಸರು ಮೊದಲು ಕೂಗಿದರು. ಎಷ್ಟು ಬಂತು ಎಂದು ಗುಮಾಸ್ತನನ್ನು ಕೇಳಿದರೆ, ನಿನಗೆ ಕೊಡೋ ಕೆಲಸಕ್ಕೆ ಅದು ಬೇಕಾಗಲ್ಲ ಎಂದು ನಕ್ಕಿದ್ದ. ಕೊಟ್ಟದ್ದು ಒಂದು ಬಿಳಿ ಏಪ್ರನ್ನು. ಆ ಕಾಲಕ್ಕೆ ಅವನ ದೇಶದವರಿಗೆ ಅಮೆರಿಕದ ನೌಕಾಪಡೆಯಲ್ಲಿ ಸಿಗುತ್ತಿದ್ದದ್ದು ಅಧಿಕಾರಿಗಳ ಊಟದ ಮನೆಯ ಕೆಲಸ ಒಂದೇ.

ಆ ವಾರವೆಲ್ಲ ತಾಯಿ ಮಗಳ ನಡುವೆ ಮಾತು ಪಾತ್ರೆಗಳ ಸದ್ದಿನಲ್ಲೇ ನಡೆಯಿತು. ಬುಧವಾರ ಒಣಗಿದ ಬಟ್ಟೆ ಮಡಿಸುತ್ತ ಕೂತಾಗ ರೊವೇನಾಳೇ ಸೋತು ಕೇಳಿದಳು, “ಎಲ್ಲಿ ತಪ್ಪಾಗ್ತಿದೆ ನಿಂಗೆ? ಗಣಿತಾನಾ?”

“ಗಣಿತ ಅಲ್ಲ. ಕಿವಿ.”

“ಕಿವಿಗೇನಾಯ್ತೇ?”

ತೇಯಾ ಮಡಿಸಿದ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ವಿವರಿಸಿದಳು. ಪರೀಕ್ಷೆಯ ಕೊನೆಯ ಭಾಗದಲ್ಲಿ ಕೈಗೆ ವಿಮಾನದ ಹಿಡಿಕೆ ಕೊಡುತ್ತಾರೆ. ಪರದೆಯ ಮೇಲೆ ಓಡುವ ಚುಕ್ಕೆಯನ್ನು ಅದರಿಂದ ಹಿಂಬಾಲಿಸಬೇಕು. ಅದೇ ಹೊತ್ತಿಗೆ ಎರಡು ಕಿವಿಗೂ ಎರಡು ಬೇರೆ ದನಿಗಳು ಅಂಕಿ ಅಕ್ಷರಗಳನ್ನು ಓದುತ್ತವೆ. ಯಾವ ಕಿವಿ ಎಂದು ಮೊದಲೇ ಹೇಳಿರುತ್ತಾರೆ. ಆ ಕಿವಿಯಲ್ಲಿ ಸಮಸಂಖ್ಯೆ ಬಂದರೆ ಒಂದು ಗುಂಡಿ, ಬೆಸ ಬಂದರೆ ಇನ್ನೊಂದು. ಮತ್ತೊಂದು ಕಿವಿಯಲ್ಲಿ ಏನು ಬಂದರೂ ಸುಮ್ಮನಿರಬೇಕು.

“ನಂಗೆ ಸುಮ್ನಿರೋಕಾಗಲ್ಲ,” ಎಂದಳು. “ಎರಡೂ ಕಡೆಗೂ ಗುಂಡಿ ಒತ್ತಿಬಿಡ್ತೀನಿ. ಎಷ್ಟು ಕಳೀತಾರೆ, ಯಾವುದಕ್ಕೆ ಎಷ್ಟು ತೂಕ, ಯಾರಿಗೂ ಹೇಳಲ್ಲ ಅವರು. ಆದ್ರೆ ಅಲ್ಲೇ ಹೋಗಿರೋದು.”

ಪೆರ್ಪೆತುವ ನಗತೊಡಗಿದಳು. ನಕ್ಕು ನಕ್ಕು ಮಡಿಸಿದ ದಿಂಬಿನ ಚೀಲವನ್ನು ಕಣ್ಣಿಗೊತ್ತಿಕೊಂಡಳು. “ಈ ಮನೇಲಿ ಬೆಳೆದ ಮಗು ಇನ್ನೇನು ಮಾಡತ್ತೆ? ಯಾರು ಕರೆದ್ರೂ ಓ ಅನ್ನು ಅಂತ ಬಡಿದು ಬಡಿದು ಕಲಿಸಿದ್ದು ನಾವೇ ಅಲ್ವಾ.”

ಅದು ನಿಜ. ಆ ಮನೆಯಲ್ಲಿ ಮಕ್ಕಳು ಮೊದಲು ಕಲಿಯುವ ಮಾತೇ ‘ಓ’. ಹಿರಿಯರು ಕರೆದರೆ ಬಾಯಲ್ಲಿ ತುತ್ತಿದ್ದರೂ ಓ ಎನ್ನಬೇಕು. ಅಂಥ ಮಗುವಿನ ಕಿವಿಗೆ ದನಿ ಬಿದ್ದ ಮೇಲೆ ಕೈ ಸುಮ್ಮನಿರುವುದೆಂದರೆ ಕರೆದವರಿಗೆ ಅವಮಾನ ಮಾಡಿದಂತೆ. ರೊವೇನಾಗೆ ಇದು ಕೇಳಿ ಸಿಟ್ಟೂ ಬಂತು, ಏನೋ ಒಂಥರಾ ಹೆಮ್ಮೆಯೂ ಆಯಿತು. ನನ್ನ ಮಗಳಿಗೆ ಬುದ್ಧಿ ಕಡಿಮೆಯಾಗಿ ಕೆಳಗಿಳಿದದ್ದಲ್ಲ, ಮರ್ಯಾದೆ ಹೆಚ್ಚಾಗಿ ಇಳಿದದ್ದು ಎಂದುಕೊಂಡಳು.

“ಮೇವರೆಗೆ ಟೈಮಿದೆ,” ಎಂದಳು ಕೊನೆಗೆ. “ಅಷ್ಟರಲ್ಲಿ ಆಗಲಿಲ್ಲ ಅಂದ್ರೆ ಆರನ್ನ ಹಿಡ್ಕೊಂಡು ತೆಪ್ಪಗಿರ್ಬೇಕು. ಒಪ್ಪಿಗೇನಾ?”

“ಒಪ್ಪಿಗೆ.”

ಹಾಗೆ ಏಪ್ರಿಲ್ ತಿಂಗಳ ಮಧ್ಯಾಹ್ನಗಳು ಆ ಅಡುಗೆಮನೆಯಲ್ಲಿ ವಿಚಿತ್ರವಾಗಿ ಕಳೆದವು. ತೇಯಾ ಮೊಣಕಾಲುಗಳ ನಡುವೆ ನೆಲ ಒರೆಸುವ ಕೋಲನ್ನು ಹಿಡಿದು ಕೂರುವಳು. ಅದೇ ವಿಮಾನದ ಹಿಡಿಕೆ. ಎದುರು ಕಿಟಕಿಯ ಬಳಿ ಕ್ರಿಸಾಂತೊ ತನ್ನ ಕ್ಷೌರದ ಕನ್ನಡಿ ಹಿಡಿದು ಬಿಸಿಲಿನ ಚುಕ್ಕೆಯೊಂದನ್ನು ಗೋಡೆಯ ಮೇಲೆ ಓಡಾಡಿಸುವನು. ಕೋಲಿನ ತುದಿ ಅದರ ಹಿಂದೆಯೇ ಹೋಗಬೇಕು. ಬಲಗಡೆ ಅಜ್ಜಿ, ಎಡಗಡೆ ತಾಯಿ, ಇಬ್ಬರ ಕೈಯಲ್ಲೂ ಹಾಳೆ. ಇಬ್ಬರೂ ಒಟ್ಟಿಗೆ ಓದುವರು. ಸಮಸಂಖ್ಯೆಗೆ ಎಡಗಾಲು ತಟ್ಟಬೇಕು, ಬೆಸಕ್ಕೆ ಬಲಗಾಲು.

“ನಾಲ್ಕು. ಕೆ. ಒಂಬತ್ತು.”

“ಆರು. ಆರು. ಎಂ.”

“ಏಳು. ನಿಮ್ಮಮ್ಮ ಬೆಳಿಗ್ಗೆ ಗ್ಯಾಸ್ ಆರಿಸ್ಲಿಲ್ಲ. ಎರಡು.”

“ಅಮ್ಮ, ಹಾಳೇಲಿರೋದು ಓದು. ಮೂರು. ಆರಿಸಿದ್ದೆ ನಾನು. ಎಂಟು.”

“ಆರಿಸಿದ್ರೆ ಅನ್ನ ಯಾಕೆ ಸೀದಿತ್ತು? ಐದು.”

ತೇಯಾ ನಗು ತಡೆದುಕೊಂಡು ಕಾಲು ತಟ್ಟುವಳು. ಗೋಡೆಯ ಚುಕ್ಕೆ ಮೆಲ್ಲಗೆ ಫ್ರಿಜ್ಜಿನ ಮೇಲೆ ಹತ್ತಿ, ಕ್ಯಾಲೆಂಡರಿನ ಮೇಲೆ ಸರಿದು, ದೇವಮಾತೆಯ ಪಟದ ಬಳಿ ಒಂದಿಷ್ಟು ನಿಂತು ಮುಂದಕ್ಕೆ ಹೋಗುವುದು. ಕ್ರಿಸಾಂತೊಗೆ ಆ ಹೊತ್ತು ತಾನು ಎಲ್ಲಿದ್ದೇನೆಂದು ಮರೆತುಹೋಗುತ್ತಿತ್ತು. ಹಡಗಿನ ಊಟದ ಕೋಣೆಯಲ್ಲಿ ಬೆಳ್ಳಿ ಚಮಚದ ಬೆಳಕು ಹೀಗೇ ಚಾವಣಿಯ ಮೇಲೆ ತೇಲಾಡುತ್ತಿತ್ತಲ್ಲ ಎಂದು ನೆನೆಯುತ್ತಿದ್ದಂತೆ ಕೈ ತಾನಾಗಿ ಆಡುತ್ತಿತ್ತು. ಅವನ ಬದುಕಿನಲ್ಲೇ ಅಷ್ಟು ಹಿತವಾದ ಮಧ್ಯಾಹ್ನಗಳು ಕಡಿಮೆ.

ಮೂರು ವಾರದಲ್ಲಿ ಹುಡುಗಿ ಕಲಿತಳು. ಎಷ್ಟು ಕಲಿತಳೆಂದರೆ ಊಟಕ್ಕೆ ಕರೆದರೂ ಅವಳಿಂದ ಸದ್ದಿಲ್ಲ.

“ತೇಯಾ. ಏ ತೇಯಾ. ಇವಳಿಗೆ ಏನಾಗಿದೆ?” ಎಂದು ಪೆರ್ಪೆತುವ ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈಯಿಟ್ಟಳು.

“ಪ್ರಾಕ್ಟೀಸ್ ಲೋಲಾ. ನೀನು ಎಡಗಡೆಯಿಂದ ಕರೆದೆ. ಇವತ್ತು ಬಲಗಿವಿ ದಿನ.”

“ನಾಳೆ ನಾನು ಸತ್ರೆ ಯಾವ ಕಿವಿ ದಿನ ಅಂತ ನೋಡ್ಕೊಂಡು ಸಾಯ್ಬೇಕಾ?” ಎಂದಳು ಮುದುಕಿ. ತಮಾಷೆಗೇ ಅಂದದ್ದು. ಆದರೂ ಕ್ರಿಸಾಂತೊಗೆ ಆ ಮಾತು ಹಿಡಿಸಲಿಲ್ಲ.

ಮೇ ಮೊದಲ ಗುರುವಾರ ಅದು ನಡೆದೇ ಹೋಯಿತು. ಮಧ್ಯಾಹ್ನ ಎರಡೂವರೆ. ರೊವೇನಾ ಆಸ್ಪತ್ರೆಯಲ್ಲಿದ್ದಳು. ತೇಯಾ ಅಡುಗೆಮನೆಯಲ್ಲಿ ಬಲಗಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡು ಕೋಲು ಹಿಡಿದು ಕೂತಿದ್ದಳು. ಕ್ರಿಸಾಂತೊ ಹಿಂದಿನ ಜಗಲಿಯ ಬೆತ್ತದ ಮಂಚದಲ್ಲಿ ಬಲಮಗ್ಗುಲಾಗಿ, ಒಳ್ಳೆಯ ಕಿವಿಯನ್ನು ದಿಂಬಿಗೊತ್ತಿ ಮಲಗಿದ್ದ. ಅವನು ಹಾಗೆ ಮಲಗಿದರೆ ವಿಮಾನ ತಲೆಯ ಮೇಲೆ ಇಳಿದರೂ ಏಳುವುದಿಲ್ಲವೆಂದು ಮನೆಯಲ್ಲಿ ಮಾತಿತ್ತು. ಪೆರ್ಪೆತುವ ಹಿತ್ತಿಲಲ್ಲಿ ಸ್ಟೂಲು ಹತ್ತಿ ಕಲಮಾನ್ಸಿ ಗಿಡದಿಂದ ಪುಟ್ಟ ನಿಂಬೆಗಳನ್ನು ಕೀಳುತ್ತಿದ್ದಳು.

ಸ್ಟೂಲು ವಾಲಿದ ಸದ್ದು ದೊಡ್ಡದೇನೂ ಆಗಲಿಲ್ಲ. ಆಮೇಲೆ, “ತೇಯಾ,” ಎಂದಳು ಮುದುಕಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ತೇಯಾ ಮಗಾ.” ಆಮೇಲೆ ದನಿ ಇನ್ನೂ ತಗ್ಗಿಸಿ, “ಸಾಂತೊ. ರೀ, ಸಾಂತೊ.”

ಕ್ರಿಸಾಂತೊಗೆ ಕೇಳಿಸಿತು. ಮೇಲ್ಮುಖವಾಗಿದ್ದ ಎಡಗಿವಿಗೆ, ಇಷ್ಟು ವರ್ಷ ಸತ್ತಿದೆಯೆಂದು ಎಲ್ಲರೂ ತಿಳಿದ ಕಿವಿಗೆ, ಪ್ರತಿ ಸಲವೂ ಸ್ಪಷ್ಟವಾಗಿ ಕೇಳಿಸಿತು. ಅರೆನಿದ್ದೆಯಲ್ಲಿ ಅವನು ಎಂದಿನಂತೆ ಸುಮ್ಮನಿದ್ದ. ಬೇಕಾದದ್ದೇ ಆದರೆ ಬಲಗಡೆಗೆ ಬಂದು ಕರೆಯುತ್ತಾಳೆ ಎಂದು ಐವತ್ತು ವರ್ಷದ ಅಭ್ಯಾಸ ಅವನೊಳಗೇ ಹೇಳಿತು. ಬಿಸಿಲು ಬೆಚ್ಚಗಿತ್ತು, ಕೊಲ್ಲಿಯ ಕಡೆಯಿಂದ ಗಾಳಿ ಬರುತ್ತಿತ್ತು. ಅವನಿಗೆ ಮತ್ತೆ ನಿದ್ದೆ ಹತ್ತಿತು.

ಇಪ್ಪತ್ತು ನಿಮಿಷದ ಮೇಲೆ ಕೆಲಸದಿಂದ ಬಂದ ರೊವೇನಾ ತಾಯಿಯನ್ನು ಗಿಡದ ಬುಡದಲ್ಲಿ ಕಂಡಳು. ಮಣಿಕಟ್ಟು ಮುರಿದಿತ್ತು, ಸೊಂಟ ಉಳುಕಿತ್ತು. ಸುತ್ತ ನಿಂಬೆಗಳು ಚೆಲ್ಲಿಕೊಂಡಿದ್ದವು.

ಆಸ್ಪತ್ರೆಯಲ್ಲಿ ತಾಯಿಯ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ರೊವೇನಾ ಮಗಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿದಳು. “ಕೇಳಿಸ್ತಾ ನಿಂಗೆ, ಇಲ್ವಾ?”

“ಕೇಳಿಸ್ತು,” ಎಂದಳು ತೇಯಾ. ಸುಳ್ಳು ಹೇಳಲಿಲ್ಲ. “ಎಡಗಿವಿ ಅಂತ ಬಿಟ್ಟೆ.”

“ಬಿಟ್ಟೆ. ಅಜ್ಜಿ ಬಿದ್ದು ಕೂಗ್ತಿದಾಳೆ, ನೀನು ಎಡಗಿವಿ ಅಂತ ಬಿಟ್ಟೆ. ಒಂಬತ್ತು ಬಂದ್ರೂ ಬೇಡ ನಂಗೆ ಈ ಪರೀಕ್ಷೆ. ಆರೂ ಬೇಡ.”

“ರೊವೇನಾ, ಸಾಕು ಬಿಡು,” ಎಂದಳು ಪೆರ್ಪೆತುವ ಕುರ್ಚಿಯಿಂದ. “ನಾನೂ ಜೋರಾಗಿ ಕೂಗ್ಲಿಲ್ಲ.”

“ನೀನು ಸುಮ್ನಿರಮ್ಮ. ಅಪ್ಪಂಗೆ ಕೇಳಲ್ಲ, ಅವನ ಕಿವಿ ದೇಶಕ್ಕೋಸ್ಕರ ಹೋಯ್ತು. ಇವಳಿಗೇನಾಗಿತ್ತು?”

ಕ್ರಿಸಾಂತೊ ಸಿಂಕಿನ ಬಳಿ ನಿಂಬೆಗಳನ್ನು ತೊಳೆಯುತ್ತ ನಿಂತಿದ್ದ. ತೊಳೆದದ್ದನ್ನೇ ಮತ್ತೆ ತೊಳೆದ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ತೇಯಾ ಕೋಲನ್ನು ಬಕೆಟ್ಟಿನ ಪಕ್ಕ ಒರಗಿಸಿ, “ನಾನು ಬರೆಯಲ್ಲ,” ಎಂದು ಕೋಣೆಗೆ ಹೋದಳು. ಮರುದಿನ ಪರೀಕ್ಷೆಯ ದಿನವನ್ನು ರದ್ದು ಮಾಡಲು ಫೋನ್ ಮಾಡಿದಳು. ಅವರು ಸೋಮವಾರ ಮಾಡಿ ಎಂದರಂತೆ.

ಮೂರು ದಿನ ಅಡುಗೆ ಕ್ರಿಸಾಂತೊನದೇ. ಬೆಳ್ಳುಳ್ಳಿ ಅನ್ನ, ಮೊಟ್ಟೆ, ಒಣಮೀನು. ಹೆಂಡತಿಗೆ ತುತ್ತು ಮಾಡಿ ಕೊಡುವನು, ತಲೆ ಬಾಚುವನು. ಶನಿವಾರ ಸಂಜೆ ಅವನು ಕೂದಲು ಹೆಣೆಯುವಾಗ ಅವಳು ಮಗ್ಗುಲು ಬದಲಿಸಿದಳು. ಮುಖ ಅವನ ಎಡಕ್ಕೆ ಬಂತು. ಅವಳು ತನ್ನಷ್ಟಕ್ಕೆ ಗೊಣಗಿದಳು, “ಆ ಮಗು ಮುಖ ನೋಡೋಕಾಗ್ತಿಲ್ಲ. ನಾನು ಬಿದ್ದಿದ್ದಕ್ಕೆ ಅವಳ್ಯಾಕೆ ಬೀಳ್ಬೇಕು. ಯಾರಿಗೆ ಹೇಳ್ಲಿ ಇದನ್ನ.”

ಕ್ರಿಸಾಂತೊನ ಕೈಯಲ್ಲಿ ಜಡೆ ಹಾಗೇ ನಿಂತಿತು.

ಭಾನುವಾರ ಅವನು ಸಿನಿಗಾಂಗ್ ಮಾಡಿದ. ಎಲ್ಲರ ತಟ್ಟೆಗೂ ಬಡಿಸಿ, ತಾನು ಕೂರದೆ ಕುರ್ಚಿಯ ಬೆನ್ನು ಹಿಡಿದು ನಿಂತ.

“ಅಪ್ಪ, ಕೂತ್ಕೊ,” ಎಂದಳು ರೊವೇನಾ.

“ನಂಗೂ ಕೇಳಿಸಿತ್ತು,” ಎಂದ ಅವನು.

“ಏನು?”

“ಗುರುವಾರ. ನಿಮ್ಮಮ್ಮ ಕರೆದಿದ್ದು. ತೇಯಾನ ಎರಡು ಸಲ ಕರೆದ್ಲು, ನನ್ನ ಎರಡು ಸಲ.”

“ನೀನು ಬಲಗಿವಿ ಮೇಲೆ ಮಲಗಿದ್ದೆ.”

“ಎಡಗಿವಿಗೇ ಕೇಳಿಸಿದ್ದು. ಅದು ಸತ್ತಿಲ್ಲ. ಯಾವತ್ತೂ ಸತ್ತಿರ್ಲಿಲ್ಲ.”

ತೇಯಾ ಚಮಚವನ್ನು ತಟ್ಟೆಯಲ್ಲೇ ಬಿಟ್ಟು ತಾತನ ಕಡೆ ತಿರುಗಿದಳು. ಸಾರಿನ ಆವಿ ಇನ್ನೂ ಮೇಲೇಳುತ್ತಿತ್ತು.

ಅವನು ನಿಧಾನವಾಗಿ ಹೇಳಿದ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಹಡಗಿನ ಊಟದ ಕೋಣೆಯಲ್ಲಿ ಒಬ್ಬ ಅಧಿಕಾರಿ ಇದ್ದ. ಚಿಟಿಕೆ ಹೊಡೆದು, ‘ಬಾಯ್’ ಎಂದು ಕರೆಯುವುದು ಅವನ ರೂಢಿ. ಕ್ರಿಸಾಂತೊಗೆ ಆಗ ಇಪ್ಪತ್ನಾಲ್ಕು. ಆ ಅಧಿಕಾರಿಗಿಂತ ಒಂದು ವರ್ಷ ದೊಡ್ಡವನು. ಒಮ್ಮೆ ಫಿರಂಗಿ ಅಭ್ಯಾಸವಾದ ಮೇಲೆ ಎಲ್ಲರ ಕಿವಿಯೂ ಒಂದು ವಾರ ಗುಂಯ್ ಎಂದಿತು. ಎಲ್ಲರದೂ ಸರಿಹೋಯಿತು. ಇವನು ಮಾತ್ರ ತನ್ನ ಎಡಗಿವಿ ಸರಿಹೋಗಲಿಲ್ಲ ಎಂದ.

“ಎಡಗಡೆಯಿಂದ ಬಾಯ್ ಅಂದ್ರೆ ತಿರುಗ್ಲಿಲ್ಲ. ಹತ್ತು ಸಲ ಕರೆದ್ರೂ ತಿರುಗ್ಲಿಲ್ಲ. ಕೊನೆಗೆ ಎದುರಿಗೆ ಬಂದು ತೊಪಾಸಿಯೊ ಅಂತ ಹೆಸರು ಹಿಡಿದು ಕರೆಯೋಕೆ ಶುರು ಮಾಡಿದ್ರು. ಡಾಕ್ಟ್ರು ಪರೀಕ್ಷೆ ಮಾಡಿದ್ರು. ಸದ್ದು ಕೇಳಿದ್ರೆ ಕೈ ಎತ್ತು ಅಂತ. ನಾನು ಎತ್ತಲಿಲ್ಲ. ನಾನಾಗಿ ಫೇಲಾದ ಪರೀಕ್ಷೆ ಅದೊಂದೇ.”

“ಹಡಗಲ್ಲಿ ಸರಿ,” ಎಂದಳು ಪೆರ್ಪೆತುವ. ಅವಳ ದನಿ ಬೇರೆಯಾಗಿತ್ತು. “ಮನೇಲಿ ಯಾಕೆ?”

“ಮದುವೆಗೆ ಮುಂಚೇನೇ ಎಲ್ಲಾರಿಗೂ ಗೊತ್ತಾಗಿತ್ತಲ್ಲ. ಹೆಂಗೆ ಬಿಡಿಸ್ಲಿ? ಆಮೇಲೆ ಅಭ್ಯಾಸ ಆಗ್ಹೋಯ್ತು. ಕೇಳಿಸ್ಕೊಳ್ಳೋದು, ಓಗೊಡದೇ ಇರೋದು.”

“ನಾನು ಎಡಗಡೆ ಗೊಣಗಿದ್ದೆಲ್ಲ ಕೇಳಿಸ್ತಿತ್ತಾ?”

“ಎಲ್ಲಾ.”

“ನಿಮ್ಮಮ್ಮನ್ನ ಬೈದಿದ್ದು?”

“ಹೂಂ.”

“ರೊವೇನಾ ಹುಟ್ಟಿದ ವರ್ಷ ನಾನು ಅಡುಗೆಮನೇಲಿ ಅತ್ಕೊಂಡು... ಅಮ್ಮನ್ನ ನೋಡ್ಬೇಕು ಅಂದಿದ್ದು?”

“ಆ ಡಿಸೆಂಬರ್‌ನಲ್ಲಿ ಊರಿಗೆ ಟಿಕೆಟ್ ತಂದೆನಲ್ಲ ಪೆತಾಂಗ್,” ಎಂದು ಅವಳನ್ನು ಮುದ್ದಿನ ಹೆಸರಿನಿಂದ ಕರೆದ. “ಇಲ್ಲಿ ಯಾವುದೂ ಸರಿಯಾಗಿ ಹುಳಿ ಇಲ್ಲ ಅಂತ ನೀನು ಗೊಣಗಿದ್ದೆ. ಆ ಕಲಮಾನ್ಸಿ ಗಿಡ ಹುಡುಕಿ ತಂದು ನೆಟ್ಟಿದ್ದು ಅದಕ್ಕೇ.”

ಪೆರ್ಪೆತುವ ಅವನನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಅದು ಬರೀ ಪ್ರೀತಿಯದಾಗಿರಲಿಲ್ಲ.

“ಟಿಕೆಟ್ ಯಾರಿಗೆ ಬೇಕಿತ್ತು ರೀ,” ಎಂದಳು. “ಆವತ್ತು ಒಂದು ಓ ಅಂದಿದ್ರೆ ಸಾಕಿತ್ತು.”

ಅವಳು ಒಳ್ಳೆಯ ಕೈಯಿಂದ ಮೇಜು ಹಿಡಿದು ಎದ್ದಳು. ಕೋಣೆಗೆ ಹೋಗುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಆದರೆ ಅವಳು ತನ್ನ ಕುರ್ಚಿಯನ್ನು ನೆಲದ ಮೇಲೆ ಕರ್ರೆಂದು ಎಳೆದುಕೊಂಡು ಹೋಗಿ ಅವನ ಎಡಗಡೆ ಹಾಕಿ ಕೂತಳು.

“ಇನ್ಮೇಲೆ ಇಲ್ಲೇ,” ಎಂದಳು. “ಐವತ್ತು ವರ್ಷದ್ದು ಒಟ್ಟಿಗೆ ಹೇಳ್ತೀನಿ, ಕೂತ್ಕೊಂಡು ಕೇಳಿ. ರೊವೇನಾ, ಮಗುವನ್ನ ಬರೆಯೋಕೆ ಬಿಡು. ತಪ್ಪು ಅವಳೊಬ್ಬಳದ್ದಲ್ಲ. ಈ ಮನುಷ್ಯನ್ನ ಮೊದಲು ಶಾಲೆಗೆ ಹಾಕ್ಬೇಕು.”

ರೊವೇನಾ ತಟ್ಟೆಯಲ್ಲಿ ಅನ್ನ ಕಲಸಿ ಒಂದು ತುತ್ತು ತಿಂದಳು. “ನಾಳೆ ರದ್ದು ಮಾಡ್ಬೇಡ,” ಎಂದಳು, ಮಗಳ ಮುಖ ನೋಡದೆ.

ಉಳಿದ ಎರಡೂವರೆ ವಾರ ಅಭ್ಯಾಸ ಬೇರೆ ಥರ ನಡೆಯಿತು. ಕ್ರಿಸಾಂತೊ ಕನ್ನಡಿ ಕೆಳಗಿಟ್ಟು ಮೊಮ್ಮಗಳ ಪಕ್ಕ ಬಂದು ಕೂತ.

“ನೀನು ಒಂದು ಕಿವಿ ಮುಚ್ಕೊಳ್ಳೋಕೆ ನೋಡ್ತಿದೀಯ,” ಎಂದ. “ನಾನೂ ಅದೇ ಮಾಡಿ ಕೆಟ್ಟೆ. ಮುಚ್ಬೇಡ. ಹನ್ನೆರಡು ಜನ ಊಟಕ್ಕೆ ಕೂತಿರ್ತಿದ್ರು. ಒಬ್ಬ ಬೆಣ್ಣೆ ಅಂತಾನೆ, ಒಬ್ಬ ಕಾಫಿ ಅಂತಾನೆ. ಎಲ್ಲಾನೂ ಕೇಳಿಸ್ಕೊಳ್ತಿದ್ದೆ. ಯಾರ ಪಕ್ಕ ನಿಂತಿದೀನೋ ಅವನಿಗೆ ಮೊದಲು. ಮಿಕ್ಕಿದ್ದು ತಲೆಯೊಳಗಿನ ಟ್ರೇ ಮೇಲೆ. ಯಾರನ್ನೂ ಇಲ್ಲ ಅನ್ನಲ್ಲ, ಆಮೇಲೆ ಬರ್ತೀನಿ ಅಂತೀಯ, ಅಷ್ಟೇ.”

“ಟೆಸ್ಟ್‌ನಲ್ಲಿ ಆಮೇಲೆ ಇಲ್ಲ ಲೋಲೊ.”

“ಅದು ಅವರಿಗೆ ಗೊತ್ತು. ನಿನ್ನ ಕೈಗೆ ಗೊತ್ತಿರ್ಬೇಕಾಗಿಲ್ಲ.”

ಅವಳು ನಕ್ಕಳು. ಆದರೆ ಅಂದಿನಿಂದ ಅವಳ ಕಾಲು ತಪ್ಪಿ ತಟ್ಟುವುದು ಕಡಿಮೆಯಾಯಿತು. ಅಭ್ಯಾಸ ಮುಗಿದ ಕೂಡಲೇ ಅಜ್ಜಿಯ ಕಡೆ ತಿರುಗಿ, “ಆಗ ಏನೋ ಅಂದ್ಯಲ್ಲ ಲೋಲಾ, ಗ್ಯಾಸ್ ಬಗ್ಗೆ,” ಎಂದು ಕೇಳುವಳು. ಪೆರ್ಪೆತುವ ಮೊದಲ ಸಲ ಅದನ್ನು ಕೇಳಿ ಸುಮ್ಮನೆ ಅವಳ ಕೆನ್ನೆ ಸವರಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಅವಳನ್ನು ನೌಕಾನೆಲೆಯ ಗೇಟಿನವರೆಗೆ ಬಿಟ್ಟು ಬಂದವಳು ರೊವೇನಾ. ಫಲ ಅಲ್ಲೇ, ಮುಗಿದ ಕೂಡಲೇ, ಪರದೆಯ ಮೇಲೆ ಬರುತ್ತದೆ. ಹಾಗಾಗಿ ಹನ್ನೊಂದು ಗಂಟೆಯಿಂದಲೇ ಮನೆಯಲ್ಲಿ ಯಾರೂ ಫೋನಿನಿಂದ ದೂರ ಹೋಗಲಿಲ್ಲ. ಫೋನು ಬರಲಿಲ್ಲ. ಪೆರ್ಪೆತುವ ಎಡಗಡೆಯ ಕುರ್ಚಿಯಲ್ಲಿ ಕೂತು ಒಂದೇ ಕೈಯಲ್ಲಿ ಜಪಮಣಿ ಎಣಿಸಿದಳು. ಪಕ್ಕದವನಿಗೆ ಕೆಟ್ಟದಾಗಲಿ ಎಂದು ಬೇಡಿಕೊಳ್ಳಲಿಲ್ಲ ಎಂದು ಆಮೇಲೆ ಹೇಳಿದಳು. ಅದನ್ನು ಯಾರೂ ಪೂರ್ತಿ ನಂಬಲಿಲ್ಲ.

ಒಂದು ಗಂಟೆಗೆ ತೇಯಾ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಂದಳು. ಮುಖ ಬಾಡಿತ್ತು.

“ಎಷ್ಟು?” ಎಂದಳು ರೊವೇನಾ ಒಂದು ಕಡೆಯಿಂದ.

“ತಿಂದ್ಯೇನೇ ಏನಾದ್ರೂ?” ಎಂದಳು ಪೆರ್ಪೆತುವ ಅದೇ ಗಳಿಗೆಯಲ್ಲಿ ಇನ್ನೊಂದು ಕಡೆಯಿಂದ.

ತೇಯಾ ಅಜ್ಜಿಯ ಪಕ್ಕ ನಿಂತಿದ್ದಳು. “ಇಲ್ಲ ಲೋಲಾ, ಹೊಟ್ಟೆ ಹಸೀತಿದೆ,” ಎಂದಳು ಮೊದಲು. ಆಮೇಲೆ ತಾಯಿಯ ಕಡೆ ತಿರುಗಿದಳು. “ಏಳು ಅಮ್ಮ.”

“ಏಳು.”

“ಎಲ್ಲಾ ಪ್ರಶ್ನೇನೂ ಕಷ್ಟ ಕಷ್ಟದ್ದೇ ಬಂತು. ಸರಿ ಬರೆದಷ್ಟೂ ಮುಂದಿನದು ಕಷ್ಟ ಮಾಡ್ತಾ ಹೋಗ್ತಾರೆ. ಅಷ್ಟು ಕಷ್ಟ ಆಯ್ತಲ್ಲ ಅಂತ ಫೇಲೇ ಆದೆ ಅನ್ಕೊಂಡಿದ್ದೆ.”

“ಏಳು ಅಂದ್ರೆ ಹನ್ನೆರಡು ಜನದ ಸಾಲು,” ಎಂದಳು ರೊವೇನಾ. ಇಷ್ಟು ದಿನ ಅವಳು ಅದನ್ನೆಲ್ಲ ಮನಸ್ಸಿಟ್ಟು ಕೇಳಿದ್ದಳೆಂದು ಯಾರಿಗೂ ಗೊತ್ತಿರಲಿಲ್ಲ. “ಹೋದ ಸಲ ಏಳಿದ್ದೋರನ್ನ ತಗೊಂಡ್ರಲ್ಲ.”

“ತಗೊಂಡ್ರು.”

ರೊವೇನಾ ಕುರ್ಚಿಯಲ್ಲಿ ಕುಸಿದು ಕೂತು ಆಸ್ಪತ್ರೆಯ ಬೂಟುಗಳ ದಾರ ಬಿಚ್ಚತೊಡಗಿದಳು. ಅವಳಿಗೆ ಅಳು ಬಂದಿತ್ತು, ಖುಷಿಗೂ ಹೌದು, ಸೋಲಿಗೂ ಹೌದು. ತಲೆ ಬಗ್ಗಿಸಿಕೊಂಡೇ, “ಆ ನರ್ಸಿಂಗ್ ಸೀಟಿನೋರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ,” ಎಂದಳು.

ಕ್ರಿಸಾಂತೊ ಒಲೆಯ ಬಳಿಯಿಂದ ತಟ್ಟೆ ತಂದ. ಮೊಮ್ಮಗಳ ಎಡಭುಜದ ಹಿಂದೆ ಬಂದು, ಬೆನ್ನು ನೆಟ್ಟಗೆ ಮಾಡಿ, ಸದ್ದಾಗದಂತೆ ಅವಳ ಮುಂದಿಟ್ಟ. ಇಪ್ಪತ್ನಾಲ್ಕು ವರ್ಷ ಅವನು ಪೈಲಟ್‌ಗಳಿಗೆ ಬಡಿಸಿದ್ದು ಹಾಗೆಯೇ. ತೇಯಾ ಗಾಬರಿಯಾಗಿ ಎದ್ದಳು.

“ಲೋಲೊ, ನೀನು ಕೂತ್ಕೊ. ನಾನೇ ಹಾಕ್ಕೊಳ್ತೀನಿ.”

“ಇದು ಅವರು ಕೊಟ್ಟ ಕೆಲಸ ಅಲ್ಲ ಮಗಾ,” ಎಂದ. “ನಾನಾಗಿ ಬಡಿಸ್ತಿರೋದು. ಕೂತು ಉಣ್ಣು.”

ಅವಳು ಕೂತು ಉಂಡಳು. ಅವನೂ ತನ್ನ ಜಾಗಕ್ಕೆ ಬಂದು ಕೂತ. ಮನೆಯ ಮೇಲೆ ಕಲಿಯುವವರ ವಿಮಾನವೊಂದು ತಗ್ಗಾಗಿ ಹಾದುಹೋಗುತ್ತಿತ್ತು. ಕಿಟಕಿಯ ಗಾಜು ಸಣ್ಣಗೆ ನಡುಗಿತು, ಅದರ ಬಿಸಿಲಿನ ಚುಕ್ಕೆಯೊಂದು ಗೋಡೆಯ ಮೇಲೆ ಅಲುಗಾಡಿತು. ತಾಯಿ ಮಗಳು ತಲೆಯೆತ್ತಿ ಅದರ ಸದ್ದನ್ನು ಆಲಿಸುತ್ತಿದ್ದರು. ಆ ಸದ್ದಿನ ಮರೆಯಲ್ಲಿ, ತನಗೆ ತಾನೇ ಎಂಬಂತೆ, ಪೆರ್ಪೆತುವ ಎಡಗಡೆಯಿಂದ ಗೊಣಗಿದಳು. “ಇವಳೂ ನಮ್ಮ ಹಾಗೇ ಮನೆ ಬಿಟ್ಟು ಹೊರಟುಹೋಗ್ತಾಳಲ್ಲ ಸಾಂತೊ.”

ಕ್ರಿಸಾಂತೊ ಚಮಚ ಕೆಳಗಿಟ್ಟ. ಅವಳ ಕಡೆಗೆ ಪೂರ್ತಿ ತಿರುಗಿ, “ಓ,” ಎಂದ.